ಯಂತ್ರದೊಳಗಿನ ಅತ್ತೆ

ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಆಟಿಕೆ ಕಂಪನಿಯ ಯಜಮಾನರಾದ ಫುಂಗ್ ಅವರಿಗೆ ಒಂದು ಯೋಚನೆ ಹೊಳೆಯಿತು. ಹೊಳೆದ ದಿನವೇ ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ಹೇಳಿದರು:

“ವಿಡಿಯೊ ಗೇಮು ಮಕ್ಕಳನ್ನ ಕೆಡಿಸುತ್ತೆ ಅಂತ ತಾಯಂದಿರು ಬೈತಾರೆ. ಯಾಕೆ ಕೆಡ್ತಾವೆ? ತಡವಾಗಿ ಶುರು ಮಾಡ್ತಾವೆ, ಅದಕ್ಕೆ. ನಾವು ಒಂಬತ್ತು ತಿಂಗಳಿಗೇ ಹಿಡಿದುಬಿಡೋಣ.”

ಯಾರೂ ನಗಲಿಲ್ಲ. ಫುಂಗ್ ಅವರು ತಮಾಷೆ ಮಾಡುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಾಗೆ ಹುಟ್ಟಿದ್ದು ‘ಪುಟ್ಟ ಬೆರಳು’. ಟಿವಿಗೆ ಸಿಕ್ಕಿಸುವ ಒಂದು ಚಿಕ್ಕ ಪೆಟ್ಟಿಗೆ, ಮಗುವಿನ ಮುಂದೆ ಇಡಲು ಊಟದ ತಟ್ಟೆಯಷ್ಟು ಅಗಲದ ಒಂದು ಹಲಗೆ, ಹಲಗೆಯ ಮೇಲೆ ಐದು ದಪ್ಪ ಗುಂಡಿಗಳು. ಒಂದೊಂದಕ್ಕೂ ಒಂದು ಬಣ್ಣ, ಒಂದು ಆಕಾರ. ಮಗು ಕೈಯಲ್ಲಿ ಬಡಿದರೂ ಸರಿ, ಕಾಲಲ್ಲಿ ಒದ್ದರೂ ಸರಿ, ಗಲ್ಲ ಊರಿ ಜೊಲ್ಲು ಸುರಿಸಿದರೂ ಸರಿ, ಪರದೆಯ ಮೇಲೆ ಏನಾದರೊಂದು ಕುಣಿಯಬೇಕು, ಒಂದು ದನಿ ಅದರ ಹೆಸರು ಹೇಳಬೇಕು. ಜೊಲ್ಲು ಒಳಗಿಳಿಯದ ಹಾಗೆ ಮಾಡುವುದಕ್ಕೇ ಎಂಜಿನಿಯರುಗಳಿಗೆ ಎರಡು ತಿಂಗಳು ಹಿಡಿಯಿತು.

ದನಿಯ ಜವಾಬ್ದಾರಿ ನನ್ನದು. ನನ್ನ ಹೆಸರು ಶುಕ್-ಹಾ. ಆ ಕಂಪನಿಯ ಆಟಿಕೆಗಳಲ್ಲಿ ಬಾತುಕೋಳಿ ಕೂಗಿದರೆ, ರೈಲು ಸಿಳ್ಳೆ ಹಾಕಿದರೆ, ಗೊಂಬೆ ಅತ್ತರೆ, ಅದೆಲ್ಲ ಕ್ವುನ್ ಟಾಂಗಿನ ಕಾರ್ಖಾನೆ ಬೀದಿಯಲ್ಲಿ, ನಮ್ಮ ಹನ್ನೊಂದನೇ ಮಹಡಿಯ ಪುಟ್ಟ ಕೋಣೆಯಲ್ಲಿ ನಾನು ಹಿಡಿದಿಟ್ಟದ್ದು. ಕೆಳಗಿನ ಮಹಡಿಯಲ್ಲಿ ಒಣಮೀನಿನ ಗೋದಾಮು ಇದ್ದದ್ದರಿಂದ ನನ್ನ ಬಾತುಕೋಳಿಗಳನ್ನು ನಾನು ಮೂಗು ಮುಚ್ಚಿಕೊಂಡೇ ಕೂಗಿಸಬೇಕಾಗಿತ್ತು.

‘ಪುಟ್ಟ ಬೆರಳಿ’ಗೆ ರೇಡಿಯೊದಲ್ಲಿ ಹೆಸರಾಗಿದ್ದ ಯೌ ಎಂಬ ಕಲಾವಿದೆಯನ್ನು ಕರೆಸಿದೆವು. ಆಕೆಯ ಕಂಠ ಜೇನಿನಂಥದ್ದು. “ಇದು ವೃತ್ತ. ವೃತ್ತ ಗುಂಡಗಿದೆ” ಎಂದು ಆಕೆ ಹೇಳಿದರೆ ನಮ್ಮ ಲೆಕ್ಕಪತ್ರದ ವಿಭಾಗದ ಗಂಡಸರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಮಕ್ಕಳಿಗೆ ಮಾತ್ರ ಅದು ಬೇಡವಾಗಿತ್ತು. ಪ್ರತಿ ಬುಧವಾರ ಏಳೆಂಟು ಎಳೆಗೂಸುಗಳನ್ನು ತಾಯಂದಿರ ಸಮೇತ ಕರೆಸಿ, ಚಾಪೆ ಹಾಸಿದ ಕೋಣೆಯಲ್ಲಿ ಯಂತ್ರದ ಮುಂದೆ ಕೂರಿಸುತ್ತಿದ್ದೆವು. ಅರ್ಧ ಮಕ್ಕಳು ಆ ದನಿ ಕೇಳಿ ನಿದ್ದೆ ಹೋದವು. ಉಳಿದರ್ಧ ಅತ್ತವು. ಅಳುವವರ ಸದ್ದಿಗೆ ಮಲಗಿದವರೂ ಎದ್ದು ಅವರ ಜೊತೆ ಸೇರಿಕೊಂಡರು.

ಹೀಗೆ ಆರು ಬುಧವಾರ ಕಳೆಯಿತು. ಜನವರಿಯ ಆಟಿಕೆ ಮೇಳ ಹತ್ತಿರ ಬರುತ್ತಿತ್ತು. ಏಳನೇ ಬುಧವಾರ ಎಂಟು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಚಹಾದ ಗಾಡಿ ಒಳಗೆ ಬಂತು. ಗಾಡಿಯ ಹಿಂದೆ ಕ್ವಾಯಕ್ಕ.

ಕ್ವಾಯಕ್ಕ ನಮ್ಮ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಚಹಾ ಕೊಡುತ್ತಿದ್ದರು. ಐವತ್ತೆಂಟು ವಯಸ್ಸು. ಗಿಡ್ಡ ದೇಹ, ಗುಂಗುರು ಮಾಡಿಸಿದ ಕೂದಲು. ಬೈಯುವ ಮೊದಲು ಒಮ್ಮೆ ಮೂಗು ಸೊರ್ರೆನಿಸುವುದು ಅವರ ಅಭ್ಯಾಸ. ಆ ಸದ್ದು ಕೇಳಿದರೆ ಫುಂಗ್ ಅವರೂ ಮೇಜಿನ ಮೇಲಿಂದ ಕಾಲು ತೆಗೆಯುತ್ತಿದ್ದರು. ಅವತ್ತು ಕ್ವಾಯಕ್ಕ ಮಕ್ಕಳ ನಡುವೆ ಗಾಡಿ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟರು. ಮೂಗು ಸೊರ್ರೆಂದಿತು.

“ಯಾಕ್ರಲಾ ಹಂದಿಮರಿಗಳಾ ಹಿಂಗ್ ಬೊಬ್ಬೆ ಹೊಡೀತೀರ? ಯಾರ್ ಮನೆ ಕೊಳ್ಳೆ ಹೋಯ್ತು? ಅನ್ನ ತಿಂದ್ರೋ ಇಲ್ವೋ?”

ಎಂಟು ಬಾಯಿಗಳು ತೆರೆದಿದ್ದ ಹಾಗೆಯೇ ನಿಂತವು. ಒಂದು ಕ್ಷಣ ಕೆಳಗಿನ ಗೋದಾಮಿನ ಬೀಸಣಿಗೆಯ ಸದ್ದು ಕೂಡ ಕೇಳಿಸಿತು. ಆಮೇಲೆ ನೀಲಿ ಟೊಪ್ಪಿಗೆಯ ಹೆಣ್ಣುಮಗುವೊಂದು ಕಿಲಕಿಲ ನಕ್ಕಿತು. ಅದನ್ನು ನೋಡಿ ಮತ್ತೊಂದು ನಕ್ಕಿತು.

“ಅಷ್ಟೇಯ,” ಎಂದು ಕ್ವಾಯಕ್ಕ ತಾಯಂದಿರಿಗೆ ಚಹಾ ಬಗ್ಗಿಸಿದರು.

ಕೋಣೆಯ ಮೈಕು ತೆರೆದೇ ಇತ್ತು. ಮಧ್ಯಾಹ್ನ ತಲೆ ಕೆಟ್ಟು ಕೂತಿದ್ದ ನಾನು, ಹುಡುಗಾಟಕ್ಕೆಂದೇ, ಆ ಬೈಗುಳವನ್ನು ಕೆಂಪು ಗುಂಡಿಗೆ ಜೋಡಿಸಿದೆ. ಮುಂದಿನ ಬುಧವಾರ ನೀಲಿ ಟೊಪ್ಪಿಗೆಯ ಮಗು ಆ ಗುಂಡಿಯನ್ನು ನಲವತ್ತೊಂದು ಸಲ ಒತ್ತಿತು. ತಾಯಿ ಎತ್ತಿಕೊಂಡು ಹೊರಟರೆ ಹಲಗೆಯನ್ನು ಬಿಡಲೊಲ್ಲದು.

ಗಾಜಿನಾಚೆ ನಿಂತು ನೋಡುತ್ತಿದ್ದ ಫುಂಗ್ ಅವರು ನನ್ನ ತೋಳು ಹಿಡಿದರು. “ಯಾರಮ್ಮ ಈ ಕಲಾವಿದೆ? ಯಾವ ನಾಟಕ ತಂಡದವರು?”

“ಬೆಳಗ್ಗೆ ನಿಮಗೆ ಚಹಾ ಕೊಟ್ಟವರು ಸಾರ್.”

“ಅದಕ್ಕೇ ನನಗೆ ಈ ದನಿ ಕೇಳಿದ್ರೆ ಸಕ್ಕರೆ ಕಮ್ಮಿ ಹಾಕ್ಕೋಬೇಕು ಅನ್ಸುತ್ತೆ,” ಎಂದರು.

ಕ್ವಾಯಕ್ಕನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹೊಸ ಚಹಾದ ಗಾಡಿ ಬೇಕು, ಚಕ್ರ ಕಿರುಗುಟ್ಟಬಾರದು, ಪೆಟ್ಟಿಗೆಯ ಮೇಲೆ ತನ್ನ ಹೆಸರು ಹಾಕಬಾರದು, ಇಷ್ಟೇ ಅವರ ಕರಾರು. “ಮಾರ್ಕೆಟ್ಟಿನ ಮೀನಿನೋಳಿಗೆ ಗೊತ್ತಾದ್ರೆ ಸಾಯೋಗಂಟ ಆಡ್ಕೊಂಡು ನಗ್ತಾಳೆ,” ಎಂದರು. ಕಷ್ಟವಾದದ್ದು ಮೈಕಿನ ಮುಂದೆ ಕೂರಿಸಿದ ಮೇಲೆ. ಕಾಗದ ಕೈಗೆ ಕೊಟ್ಟದ್ದೇ ಕ್ವಾಯಕ್ಕ ಬೆನ್ನು ನೆಟ್ಟಗೆ ಮಾಡಿ, ಲಿಫ್ಟು ಕೆಟ್ಟಿದೆ ಎಂಬ ಸೂಚನೆ ಓದುವವರ ಹಾಗೆ “ಇದು. ವೃತ್ತ. ವೃತ್ತ. ಗುಂಡಗಿದೆ.” ಎಂದು ಓದಿದರು.

“ಕ್ವಾಯಕ್ಕ, ಮಗುಗೆ ಹೇಳೋ ಹಾಗೆ ಹೇಳಿ.”

“ಮಗು ಎಲ್ಲೈತೆ ಇಲ್ಲಿ? ಕಬ್ಬಿಣದ ಕೋಲೈತೆ.”

ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ಲಿಫ್ಟು ಕೆಟ್ಟಿತ್ತು. ಕೊನೆಗೆ ಅವರೇ ಬೇಸತ್ತು, ಚೀಲದಿಂದ ಪರ್ಸು ತೆಗೆದು, ಪರ್ಸಿನಿಂದ ಒಂದು ಫೋಟೊ ತೆಗೆದು ಮೈಕಿನ ಕೋಲಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರು. ದುಂಡು ತಲೆಯ, ಕೂದಲಿಲ್ಲದ ಗಂಡುಮಗು. ಕಣ್ಣು ಬಿಟ್ಟುಕೊಂಡು ಕ್ಯಾಮರಾವನ್ನೇ ತಿನ್ನುವ ಹಾಗೆ ನೋಡುತ್ತಿತ್ತು.

“ಮೊಮ್ಮಗನಾ?” ಎಂದೆ.

“ಊಂ. ಹ್ಯೂಗೋ ಅಂತೆ ಹೆಸರು. ಹೂಕೋಸು ಅಂತ ಇಟ್ಟಿದ್ರೆ ಪಲ್ಯಕ್ಕಾದ್ರೂ ಆಗೋದು.”

ಆಮೇಲೆ ಕಥೆ ಹೊರಗೆ ಬಂತು. ಮಗ ಮಾನ್-ಕಿಟ್ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಪುಯ್-ಸಾನ್ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ಅವರ ಮನೆ ಚ್ಯೂಂಗ್ ಕ್ವಾನ್ ಓ ಎಂಬ ಬಡಾವಣೆಯಲ್ಲಿ, ಕ್ವಾಯಕ್ಕನ ಮನೆಯಿಂದ ರೈಲಿನಲ್ಲಿ ಕಾಲುಗಂಟೆ. ಬಾಣಂತನಕ್ಕೆಂದು ಕ್ವಾಯಕ್ಕ ಶುಂಠಿ, ಸಿಹಿ ವಿನಿಗರ್, ಹಂದಿಕಾಲು ಹಾಕಿ ದೊಡ್ಡ ಮಡಕೆ ತುಂಬ ಬೇಯಿಸಿಕೊಂಡು ಹೋಗಿದ್ದರು. ಸೊಸೆ ಎರಡು ಚಮಚ ತಿಂದು ಮುಚ್ಚಿಟ್ಟಳು. ಅದನ್ನು ಕ್ವಾಯಕ್ಕ ಸಹಿಸಿಕೊಂಡರು. ಫ್ರಿಜ್ಜಿನ ಬಾಗಿಲಿಗೆ ಸೊಸೆ ಒಂದು ಪಟ್ಟಿ ಅಂಟಿಸಿದ್ದಳು: ಮಗು ಯಾವ ತಿಂಗಳಲ್ಲಿ ಏನೇನು ಕಲಿಯಬೇಕು, ಯಾವ ಶಿಶುವಿಹಾರದ ಸಂದರ್ಶನಕ್ಕೆ ಯಾವಾಗ ಹೋಗಬೇಕು. “ಹಲ್ಲು ಬಂದಿಲ್ಲ, ಸಂದರ್ಶನವಂತೆ!” ಎಂದು ನಕ್ಕರು, ಅಷ್ಟೇ. ಆದರೆ ಮೂರನೇ ತಿಂಗಳಲ್ಲಿ ಒಂದು ದಿನ ಮಗುವಿಗೆ ಲಾಲಿ ಹಾಡುವ ಬದಲು ಮೀನಿನವಳ ಜೊತೆ ಆದ ಜಗಳವನ್ನು ಅಭಿನಯಿಸಿ ತೋರಿಸುತ್ತಿದ್ದಾಗ ಸೊಸೆ ಒಳಬಂದು, “ಅತ್ತೆ, ನಿಮ್ಮ ಸಂತೆ ಮಾತು ಅವನ ಕಿವಿಗೆ ಬೀಳೋದು ಬೇಡ. ಮೊದಲು ಕೇಳಿದ್ದೇ ನಾಲಗೆ ಮೇಲೆ ಕೂತುಬಿಡುತ್ತೆ,” ಎಂದಳು.

ಕ್ವಾಯಕ್ಕ ಚೀಲ ಎತ್ತಿಕೊಂಡು ಹೊರಟರು. ಮತ್ತೆ ಹೋಗಲಿಲ್ಲ. ಸೊಸೆ ಕರೆಯಲೂ ಇಲ್ಲ. ಮಗ ಹದಿನೈದು ದಿನಕ್ಕೊಮ್ಮೆ ಬಂದು ಫೋಟೊ ಕೊಟ್ಟು ಸೂಪು ಕುಡಿದು ಹೋಗುತ್ತಿದ್ದ.

“ನಾಕು ತಿಂಗಳಾಯ್ತು,” ಎಂದು ಫೋಟೊ ನೋಡುತ್ತಾ ಹೇಳಿದರು. ಮೂಗು ಸೊರ್ರೆಂದಿತು. ನಾನು ಮೆಲ್ಲಗೆ ರೆಕಾರ್ಡಿನ ಗುಂಡಿ ಒತ್ತಿದೆ.

“ಏನ್ಲಾ ಹಂದಿಮರಿ! ಇದು ಗುಂಡಗೈತೆ. ನಿನ್ ತಲೆ ಹಂಗೆ!”

ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಚೌಕದ ಗುಂಡಿಗೆ, “ಇದು ಚೌಕ. ನಾಕು ಮೂಲೆ. ಮೂಲೇಲಿ ಧೂಳು ಕೂತಿರ್ತದೆ, ನೋಡ್ಕ.” ನಕ್ಷತ್ರಕ್ಕೆ, “ಚುಚ್ತದೆ ಕಣ್ಲಾ, ಬಾಯಿಗ್ ಹಾಕ್ಬ್ಯಾಡ.” ಒಂದೇ ಗುಂಡಿಯನ್ನು ಪದೇ ಪದೇ ಒತ್ತಿದರೆ, “ಮತ್ತೆ ಒತ್ತಿದ್ಯಾ? ಕೈ ಸುಮ್ಕಿರಾಕಿಲ್ವ ನಿಂಗೆ?” ಐದು ನಿಮಿಷ ಯಾರೂ ಏನೂ ಒತ್ತದಿದ್ದರೆ ಯಂತ್ರ ತಾನಾಗಿಯೇ ಕೇಳಬೇಕಿತ್ತು. ಅಲ್ಲಿ ಯೌ ಅವರು “ಬಾ, ಆಡೋಣ” ಎಂದಿದ್ದರು. ಕ್ವಾಯಕ್ಕ ಕೇಳಿದ್ದು: “ಎಲ್ಲೋದ್ಯೋ? ಅನ್ನ ತಿಂದ್ಯೇನ್ಲಾ?”

ಕಂಪನಿ ನೇಮಿಸಿದ್ದ ಶಿಶುಶಿಕ್ಷಣದ ತಜ್ಞರು ಇದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಇದರಲ್ಲಿ ಶಿಕ್ಷಣ ಎಲ್ಲಿದೆ ಎಂದರು. ಫುಂಗ್ ಅವರು ಅವರನ್ನು ಗಾಜಿನ ಮುಂದೆ ಕರೆದೊಯ್ದು ಎಂಟು ಮಕ್ಕಳನ್ನು ತೋರಿಸಿದರು. ಎಂಟೂ ಎಚ್ಚರವಾಗಿದ್ದವು, ಎಂಟೂ ಒತ್ತುತ್ತಿದ್ದವು. ತಜ್ಞರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು.

ಏಪ್ರಿಲ್‌ನಲ್ಲಿ ‘ಪುಟ್ಟ ಬೆರಳು’ ಅಂಗಡಿಗೆ ಬಂತು. ತಾಯಂದಿರು ಒಬ್ಬರಿಂದೊಬ್ಬರು ಕೇಳಿ ಕೊಂಡರು. ಯಾವುದೋ ಪತ್ರಿಕೆ ‘ಅಜ್ಜಿಯ ದನಿಯ ಯಂತ್ರ’ ಎಂದು ಬರೆಯಿತು. ಕ್ವಾಯಕ್ಕ ಅದನ್ನು ಓದಿಸಿಕೊಂಡು, “ಅಜ್ಜಿ ಅಂತೆ! ನಂಗೇನ್ ವಯಸ್ಸಾಗೈತೆ?” ಎಂದು ಎರಡು ದಿನ ಎಲ್ಲರಿಗೂ ತಣ್ಣಗಿನ ಚಹಾ ಕೊಟ್ಟರು.

ಮೇ ತಿಂಗಳ ಒಂದು ಮಂಗಳವಾರ ನನ್ನ ಮೇಜಿನ ಫೋನು ಬಡಿದುಕೊಂಡಿತು. ದನಿಗೆ ಸಂಬಂಧಿಸಿದ ದೂರುಗಳನ್ನೆಲ್ಲ ನನಗೇ ಕಳಿಸುತ್ತಿದ್ದರು.

“ಮೇಡಂ, ನಿಮ್ಮ ಯಂತ್ರದಲ್ಲಿ ತೊಂದರೆ ಇದೆ,” ಎಂದಳು ಒಬ್ಬ ಹೆಂಗಸು. ಶುದ್ಧವಾದ, ಅಚ್ಚುಕಟ್ಟಾದ ಮಾತು.

“ಏನು ತೊಂದರೆ ಹೇಳಿ. ಸದ್ದು ಬರ್ತಿಲ್ವಾ?”

“ಬರ್ತಿದೆ. ಅದೇ ತೊಂದರೆ. ಅದರೊಳಗೆ ನಮ್ಮ ಅತ್ತೆ ಇದ್ದಾರೆ.”

ನನ್ನ ಕೈಯಲ್ಲಿದ್ದ ಅನಾನಸ್ ಬನ್ನು ಮೇಜಿಗೆ ಬಿತ್ತು.

“ಅತ್ತೆಯವರ ದನಿಯ ಹಾಗೆ ಕೇಳಿಸುತ್ತೆ ಅಂತಾನಾ? ವಯಸ್ಸಾದವರ ದನಿ ಒಂದೇ ಥರ ಇರುತ್ತಲ್ಲ…”

“ಮೇಡಂ, ನಾನು ಮೂರು ವರ್ಷ ಅವರ ಕೈಲಿ ಬೈಸಿಕೊಂಡಿದ್ದೀನಿ. ಬೈಯೋಕೆ ಮುಂಚೆ ಮೂಗು ಸೊರ್ ಅನ್ನಿಸ್ತಾರೆ. ನಿಮ್ಮ ಯಂತ್ರಾನೂ ಅನ್ನಿಸುತ್ತೆ. ವೃತ್ತಕ್ಕೂ ಅನ್ನಿಸುತ್ತೆ, ನಕ್ಷತ್ರಕ್ಕೂ ಅನ್ನಿಸುತ್ತೆ.”

ಆ ಸೊರ್ರನ್ನು ಕತ್ತರಿಸಿ ತೆಗೆಯಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೆ. ಅದಿಲ್ಲದಿದ್ದರೆ ಮಕ್ಕಳು ತಿರುಗಿ ನೋಡುತ್ತಿರಲಿಲ್ಲ.

“ನಿನ್ನೆ ಏನಾಯ್ತು ಗೊತ್ತಾ?” ಎಂದು ಆಕೆ ಮುಂದುವರಿಸಿದಳು. “ನಮ್ಮ ಯಜಮಾನ್ರು ಸ್ನಾನದ ಮನೇಲಿದ್ರು. ಮಗು ಆಟ ಬಿಟ್ಟು ಎದ್ದುಹೋಗಿತ್ತು. ಯಂತ್ರ ತಾನೇ ಕೂಗ್ತು, ಎಲ್ಲೋದ್ಯೋ, ಅನ್ನ ತಿಂದ್ಯೇನ್ಲಾ ಅಂತ. ನಮ್ಮ ಯಜಮಾನ್ರು ಒಳಗಿಂದ, ತಿಂದೆ ಅಮ್ಮ, ಎರಡು ಬಟ್ಟಲು ತಿಂದೆ ಅಂದ್ರು. ಆಮೇಲೆ ಟವೆಲ್ ಸುತ್ಕೊಂಡು ಓಡಿಬಂದು, ಅಮ್ಮ ಎಲ್ಲಿ ಅಂತ ಸೋಫಾ ಹಿಂದೆಲ್ಲ ಹುಡುಕಿದ್ರು.”

ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. “ಯಂತ್ರ ವಾಪಸ್ ತಗೋತೀವಮ್ಮ.”

ಆಕೆ ಸಣ್ಣ ದನಿಯಲ್ಲಿ, “ಆಗಲ್ಲ,” ಎಂದಳು. “ನಾನು ಮೊದಲ ದಿನವೇ ಬ್ಯಾಟರಿ ತೆಗೆದೆ. ಅವನು ಮಧ್ಯಾಹ್ನ ಉಣ್ಣಲಿಲ್ಲ, ರಾತ್ರಿಗೂ ಉಣ್ಣಲಿಲ್ಲ. ಬೆಳಗ್ಗೆ ಹಾಕಿದೆ. ಅದು ಅನ್ನ ತಿಂದ್ಯಾ ಅಂತ ಕೇಳಿದ್ರೇ ಬಾಯಿ ತೆಗೀತಾನೆ.”

“ಮತ್ತೆ ನನ್ನಿಂದ ಏನಾಗಬೇಕು?”

“ಅವರು ಚಹಾ ಕೊಡೋದು ನಿಮ್ಮ ಆಫೀಸಲ್ಲೇ ಅಂತ ನನಗೆ ಗೊತ್ತು. ಆ ದನಿ ಅವರದು ಹೌದೋ ಅಲ್ಲವೋ ಹೇಳಿ, ಸಾಕು.”

ಕೊಟ್ಟ ಮಾತು ಕೊಟ್ಟದ್ದೇ. “ಕಂಪನಿ ಗುಟ್ಟು, ಹೇಳೋ ಹಾಗಿಲ್ಲ,” ಎಂದೆ. “ಸರಿ,” ಎಂದು ಆಕೆ ಫೋನಿಟ್ಟಳು. ಆ ‘ಸರಿ’ ಕೇಳಿದರೆ ಏನೂ ಸರಿಯಿಲ್ಲ ಎನಿಸಿತು.

ಕ್ವಾಯಕ್ಕನಿಗೆ ವಿಷಯ ಹೇಳಿದೆ. ಅವರು ಬಟ್ಟೆಯ ಸೋಸುಚೀಲದಲ್ಲಿ ಚಹಾ ಎತ್ತಿ ಎತ್ತಿ ಹೊಯ್ಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಎಷ್ಟ್ ಬಟ್ಟಲು ತಿಂದೆ ಅಂದ ನನ್ ಮಗ?”

“ಎರಡು.”

“ಸುಳ್ಳ. ಒಂದ್ ತಿಂದಿರ್ತಾನೆ.” ಸ್ವಲ್ಪ ಹೊತ್ತಿನ ಮೇಲೆ, ನನ್ನ ಮುಖ ನೋಡದೆ, “ಆ ಹೂಕೋಸು ಯಾವ್ ಗುಂಡಿ ಜಾಸ್ತಿ ಒತ್ತಾನಂತೆ?” ಎಂದು ಕೇಳಿದರು. ನಾನು ಕೇಳಿರಲಿಲ್ಲ ಎಂದೆ. “ಬೇಕಾದ್ದು ಕೇಳಾಕಿಲ್ಲ ನೀನು,” ಎಂದು ನನ್ನ ಮೇಲೆ ಸಿಟ್ಟಾದರು.

ಸೆಪ್ಟೆಂಬರ್‌ನಲ್ಲಿ, ಹ್ಯೂಗೋಗೆ ಹದಿನೆಂಟು ತಿಂಗಳು ತುಂಬಿದಾಗ, ಫ್ರಿಜ್ಜಿನ ಪಟ್ಟಿಯ ಮೊದಲ ಸಂದರ್ಶನ ಬಂತು. ಕೌಲೂನ್ ಟಾಂಗಿನ ಹೆಸರಾಂತ ಶಿಶುವಿಹಾರ. ಅವತ್ತು ಒಳಗೆ ನಡೆದದ್ದನ್ನು ಪುಯ್-ಸಾನ್ ಆಮೇಲೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿ ಕೂತಿದ್ದ ಹಾಗಾಗಿದೆ.

ಹೆಡ್ ಮಿಸ್ ದುಂಡು ಮುಖದ, ಗಂಭೀರವಾದ ಹೆಂಗಸು. ಮೂವತ್ತು ಮಕ್ಕಳು ಸಾಲಿನಲ್ಲಿ ಕಾದಿದ್ದವು. ಕುತ್ತಿಗೆಗೆ ಬೋ ಕಟ್ಟಿದ್ದ ಕೆಲವು ತಾಯಿಯ ಅಂಗಿಯ ಅಂಚು ಅಗಿಯುತ್ತಿದ್ದವು. ಹ್ಯೂಗೋ ಸರದಿ ಬಂದಾಗ ಹೆಡ್ ಮಿಸ್ ಹಳದಿ ವೃತ್ತದ ಕಾರ್ಡು ಎತ್ತಿ ಹಿಡಿದು, “ಇದೇನು ಮರಿ?” ಎಂದರು.

ಹ್ಯೂಗೋ ಕಾರ್ಡು ನೋಡಿದ. ಮೂಗು ಸೊರ್ರೆನಿಸಿದ. ಸೊಂಟದ ಮೇಲೆ ಕೈ ಇಟ್ಟುಕೊಂಡ. “ಗುಂಡ!” ಎಂದ. ಆಮೇಲೆ ಹೆಡ್ ಮಿಸ್ ಮುಖದತ್ತ ಬೆರಳು ಚಾಚಿ, “ನಿನ್ ತಲೆ!” ಎಂದ.

ಪುಯ್-ಸಾನ್‌ಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹೆಡ್ ಮಿಸ್ ಏನೂ ಮಾತಾಡದೆ ಪುಸ್ತಕದಲ್ಲಿ ಬರೆಯತೊಡಗಿದರು. ಬರೆದೇ ಬರೆದರು. ಯಾರೂ ಮಾತಾಡದೆ ಅಷ್ಟು ಹೊತ್ತಾದರೆ ಏನು ಕೇಳಬೇಕು ಎಂಬುದು ಹ್ಯೂಗೋಗೆ ಗೊತ್ತಿತ್ತು. ಮೇಜಿಗೆ ಗಲ್ಲ ಊರಿ ಕೇಳಿದ:

“ಅನ್ನ ತಿಂದ್ಯಾ?”

ಪೆನ್ನು ನಿಂತಿತು. “ಇಲ್ಲಪ್ಪ, ಇನ್ನೂ ಇಲ್ಲ,” ಎಂದರು ಹೆಡ್ ಮಿಸ್.

ಪುಯ್-ಸಾನ್ ಅಲ್ಲಿಂದ ಮನೆಗೆ ಹೋಗಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೇರ ಕ್ವುನ್ ಟಾಂಗಿಗೆ ಬಂದಳು. ಒಣಮೀನಿನ ವಾಸನೆಯ ಲಿಫ್ಟಿನಲ್ಲಿ ಮೇಲೆ ಬಂದು, ಸ್ವಾಗತದ ಹುಡುಗಿಯ ಮಾತನ್ನೂ ಕೇಳದೆ ಮೂಗಿನ ದಾರಿ ಹಿಡಿದು ಚಹಾದ ಕೋಣೆ ಹೊಕ್ಕಳು. ನಾನು ಅಲ್ಲಿಯೇ ಬಿಸ್ಕತ್ತು ಹುಡುಕುತ್ತಿದ್ದೆ. ಕ್ವಾಯಕ್ಕ ನಲ್ಲಿಯ ಮುಂದೆ ಬೆನ್ನು ಮಾಡಿ ನಿಂತಿದ್ದರು.

“ಅತ್ತೆ,” ಎಂದಳು ಪುಯ್-ಸಾನ್.

ನಲ್ಲಿ ಹರಿಯುತ್ತಲೇ ಇತ್ತು. ಕ್ವಾಯಕ್ಕ ತಿರುಗಲಿಲ್ಲ.

“ನನ್ನ ಮಗ ಇವತ್ತು ಹೆಡ್ ಮಿಸ್‌ಗೆ ನಿನ್ ತಲೆ ಅಂದ.”

ನಲ್ಲಿ ನಿಂತಿತು. “ತಲೆ ಇತ್ತಾ ಅವಳ್ಗೆ?”

“ಇತ್ತು.”

“ಗುಂಡಗಿತ್ತಾ?”

“…ಇತ್ತು.”

“ಹಂಗಾರೆ ತಪ್ಪೇನೈತೆ?”

ತಿರುಗಿದ ಕ್ವಾಯಕ್ಕನನ್ನು ಹ್ಯೂಗೋ ಬಾಯಿ ತೆರೆದು ನೋಡಿದ. ಮಾತು ಕೇಳಿದ ಕೂಡಲೇ ಟಿವಿ ಎಲ್ಲಿದೆ ಎಂದು ಸುತ್ತ ತಿರುಗಿ ನೋಡಿದ. ಟಿವಿ ಇರಲಿಲ್ಲ. ಮತ್ತೆ ಈ ಹೆಂಗಸನ್ನು ನೋಡಿದ. ಅವರ ನೀಲಿ ಸಮವಸ್ತ್ರದ ಮುಂಭಾಗದಲ್ಲಿ ಮೇಲಿಂದ ಕೆಳಗೆ ಐದು ದಪ್ಪ ಗುಂಡಿಗಳಿದ್ದವು. ಅವನ ಮುಖ ಅರಳಿತು. ತಾಯಿಯ ಸೊಂಟದಿಂದ ಮುಂದೆ ಬಾಗಿ ಮೊದಲನೇ ಗುಂಡಿಯನ್ನು ಅಂಗೈಯಲ್ಲಿ ಫಟ್ಟೆಂದು ಬಡಿದ.

ಕ್ವಾಯಕ್ಕ ಬೆಚ್ಚಿ ಹಿಂದೆ ಸರಿದರು. “ಇದೇನ್ ಮಾಡ್ತಾವ್ನೆ ಇವ್ನು?”

“ನಿಮ್ಮನ್ನ ಒತ್ತುತ್ತಿದ್ದಾನೆ,” ಎಂದಳು ಪುಯ್-ಸಾನ್. “ಒತ್ತಿದ್ರೆ ಮಾತಾಡ್ತೀರಿ ಅಂತ ಅವನ ಲೆಕ್ಕ.”

ಹ್ಯೂಗೋ ಮತ್ತೊಮ್ಮೆ, ಇನ್ನೂ ಜೋರಾಗಿ ಬಡಿದ. ಹದಿನೈದು ತಿಂಗಳಿನಿಂದ ಫೋಟೊದಲ್ಲಿ ಮಾತ್ರ ನೋಡಿದ್ದ ತಲೆ ಗೇಣು ದೂರದಲ್ಲಿತ್ತು. ಅದಕ್ಕೀಗ ಕೂದಲು ಬಂದಿತ್ತು.

“ಏನ್ಲಾ ಹಂದಿಮರಿ,” ಎಂದರು ಕ್ವಾಯಕ್ಕ. ದನಿ ಒಡೆದಿತ್ತು. “ಇದು ಗುಂಡಗೈತೆ…”

“ನಿನ್ ತಲೆ!” ಎಂದು ಹ್ಯೂಗೋ ಮುಗಿಸಿದ. ಎರಡನೇ ಗುಂಡಿ ಬಡಿದ.

“ಚುಚ್ತದೆ ಕಣ್ಲಾ, ಬಾಯಿಗ್ ಹಾಕ್ಬ್ಯಾಡ.”

ಹ್ಯೂಗೋ ಹುಬ್ಬು ಗಂಟಿಕ್ಕಿದ. ಅದೇ ಗುಂಡಿಯನ್ನು ಮತ್ತೆ ಬಡಿದ. ಮುಖ ಕೆಂಪಗಾಗತೊಡಗಿತು.

“ಎರಡನೇದು ಚೌಕ, ಕ್ವಾಯಕ್ಕ,” ಎಂದು ನಾನು ಪಿಸುಗುಟ್ಟಿದೆ. “ನಕ್ಷತ್ರ ನಾಲ್ಕನೇದು.”

“ನಂಗ್ ಹೆಂಗೊತ್ತಾಯ್ತದೆ? ಯಂತ್ರ ಕೊಂಡಿವ್ನಾ ನಾನು?” ಎಂದು ನನ್ನನ್ನು ಗದರಿ, ಮೊಮ್ಮಗನ ಕಡೆ ತಿರುಗಿ ಬಲು ವಿನಯದಿಂದ, “ಇದು ಚೌಕ. ನಾಕು ಮೂಲೆ,” ಎಂದರು. ಸಮಾಧಾನವಾಗಿ ಹ್ಯೂಗೋ ಮೂರನೆಯದಕ್ಕೆ ಕೈ ಹಾಕಿದ. ಪುಯ್-ಸಾನ್ ಒಮ್ಮೆಲೇ ನಗತೊಡಗಿದಳು. ನಗು ನಿಲ್ಲಿಸಲು ಬಾಯಿಗೆ ಕೈ ಹಿಡಿದಳು. ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ನಗುವಿನದೋ ಬೇರೆಯದೋ ನನಗೆ ತಿಳಿಯಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕುಸಿದಳು.

ಅರ್ಧ ಗಂಟೆ ಕ್ವಾಯಕ್ಕ ಮೊಮ್ಮಗ ಒತ್ತಿದ್ದಕ್ಕೆಲ್ಲ ಮಾತಾಡಿದರು. “ಸಾಕಾಯ್ತದೆ ಕಣ್ರೇ. ಆ ಯಂತ್ರದೋಳು ಇದ್ನ ದಿನಾ ಮಾಡ್ತಾಳಾ?” ಎಂದು ಏದುಸಿರು ಬಿಟ್ಟರು. ಒಣಗಿದ ನಾಲಗೆಗೆ ಸೊಸೆ ಚಹಾ ಬಗ್ಗಿಸಿ ಕೊಟ್ಟಳು. ಕ್ವಾಯಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದರು, ಆದರೆ ಪೂರ್ತಿ ಕುಡಿದರು.

“ಭಾನುವಾರ ಸೂಪು ಮಾಡ್ತೀನಿ,” ಎಂದಳು ಪುಯ್-ಸಾನ್ ಲೋಟ ನೋಡುತ್ತಾ. “ಉಪ್ಪು ಹೆಚ್ಚಾಯ್ತೋ ಕಮ್ಮಿಯಾಯ್ತೋ ಹೇಳೋಕೆ ಮನೇಲಿ ಯಾರೂ ಇಲ್ಲ. ನಿಮ್ಮ ಮಗ ಏನು ಕೊಟ್ರೂ ಚೆನ್ನಾಗಿದೆ ಅಂತಾರೆ.”

“ಕಮ್ಮಿ ಇರ್ತದೆ. ಯಾವತ್ತೂ ಕಮ್ಮೀನೇ.”

“ಅದನ್ನೇ ಬಂದು ಹೇಳಿ.”

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇಬ್ಬರೂ ಸದ್ಗುಣಿಗಳೆಂದು ನಾನೇ ಹೇಳುತ್ತಿದ್ದೆ. ಆದರೆ ಪುಯ್-ಸಾನ್ ಕಣ್ಣೊರೆಸಿಕೊಂಡ ಮೇಲೆ ಕೈಚೀಲದಿಂದ ಒಂದು ಕಾಗದ ತೆಗೆದಳು. ಅದರಲ್ಲಿ ಯಂತ್ರದ ಮಾತುಗಳ ಬಗ್ಗೆ ಇಪ್ಪತ್ತೇಳು ಅಂಶಗಳಿದ್ದವು.

“ಅತ್ತೆ, ಚೌಕಕ್ಕೆ ನಾಲ್ಕು ಬದಿ ಸಮ ಅಂತ ಎಲ್ಲೂ ಹೇಳಿಲ್ಲ ನೀವು. ಧೂಳು ಅಂತ ಯಾಕೆ ಹೇಳಿದ್ರಿ? ಇವನು ಮನೆಯ ಒಂದು ಮೂಲೆ ಬಿಡಲ್ಲ. ಧೂಳು ಇದೆಯಾ ಅಂತ ನಾಲಗೆ ಇಟ್ಟು ನೋಡ್ತಾನೆ.”

“ಗುಡಿಸಿದ್ರೆ ನಾಲಗೆಗ್ ಏನ್ ಸಿಕ್ತದೆ?”

ಜಗಳ ಬಾಗಿಲಾಚೆಗೂ ಕೇಳಿಸಿತು. ಚಹಾ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಫುಂಗ್ ಅವರು ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿದರು.

“ಯಾರಿವರು?” ಎಂದು ನನ್ನನ್ನು ಕೇಳಿದರು.

“ದೂರು ಕೊಡೋಕೆ ಬಂದಿದ್ದಾರೆ ಸಾರ್.”

“ದೂರಲ್ಲ, ತಿದ್ದುಪಡಿ,” ಎಂದಳು ಪುಯ್-ಸಾನ್, ಕಾಗದ ಅವರ ಕೈಗೆ ಕೊಟ್ಟು. ಫುಂಗ್ ಅವರು ಇಪ್ಪತ್ತೇಳನ್ನೂ ನಿಂತಲ್ಲೇ ಓದಿದರು. ನಮ್ಮ ತಜ್ಞರು ಒಂದು ವರ್ಷದಲ್ಲಿ ಇಷ್ಟು ಹೇಳಿರಲಿಲ್ಲ.

ಎರಡು ವಾರದ ಮೇಲೆ ಶಿಶುವಿಹಾರದ ಪತ್ರ ಬಂತು. ಹ್ಯೂಗೋಗೆ ಜಾಗ ಸಿಕ್ಕಿತ್ತು. ಮೂವತ್ತು ಮಕ್ಕಳಲ್ಲಿ ಊಟವಾಯಿತೇ ಎಂದು ತನ್ನನ್ನು ಕೇಳಿದ್ದು ಇವನೊಬ್ಬನೇ ಎಂದು ಹೆಡ್ ಮಿಸ್ ಕೈಬರಹದಲ್ಲಿ ಬರೆದಿದ್ದರು. ಪುಯ್-ಸಾನ್ ಆ ಪತ್ರವನ್ನು ಅತ್ತೆಗೆ ಹತ್ತು ದಿನ ತೋರಿಸಲಿಲ್ಲ. ತೋರಿಸಿದ ದಿನ ಕ್ವಾಯಕ್ಕ ಆಫೀಸಿನ ಪ್ರತಿ ಮೇಜಿಗೂ ಹೋಗಿ ಓದಿಸಿದರು. ನನ್ನ ಮೇಜಿಗೆ ಎರಡು ಸಲ ಬಂದರು.

ಮುಂದಿನ ವರ್ಷ ‘ಪುಟ್ಟ ಬೆರಳಿ’ನ ಎರಡನೇ ಆವೃತ್ತಿ ಶುರುವಾಯಿತು. ಮಾತು ಬರೆಯುವುದು ಪುಯ್-ಸಾನ್, ಹೇಳುವುದು ಕ್ವಾಯಕ್ಕ. ಶನಿವಾರ ಬೆಳಗ್ಗೆ ಇಬ್ಬರೂ ನನ್ನ ಕೋಣೆಗೆ ಬರುತ್ತಿದ್ದರು. ನಾನು ಕಲಿತ ಒಂದೇ ಪಾಠವೆಂದರೆ ಅವರು ಒಳಗೆ ಬಂದ ಕ್ಷಣದಿಂದ ಹೊರಗೆ ಹೋಗುವವರೆಗೆ ರೆಕಾರ್ಡು ನಿಲ್ಲಿಸಬಾರದು ಎಂಬುದು. ಕಾಗದದ ಮೇಲಿದ್ದ ಮಾತುಗಳಿಗಿಂತ ಅದರ ಮೇಲಿನ ಜಗಳವೇ ಮಕ್ಕಳಿಗೆ ಹೆಚ್ಚು ಹಿಡಿಸುತ್ತಿತ್ತು.

ಡ್ರ್ಯಾಗನ್ ದೋಣಿ ಹಬ್ಬದ ಹಿಂದಿನ ವಾರ ತ್ರಿಕೋನದ ಸರದಿ ಬಂತು. ಪುಯ್-ಸಾನ್ “ತ್ರಿಕೋನಕ್ಕೆ ಮೂರು ಬದಿ” ಎಂದು ಬರೆದಿದ್ದಳು.

“ಇದೆಲ್ಲ ಯಾವ್ ಮಗೀಗ್ ಅರ್ಥವಾಯ್ತದೆ?” ಎಂದರು ಕ್ವಾಯಕ್ಕ. “ಹಬ್ಬದ ಕಡುಬು ಅನ್ನು. ಎಲೇಲಿ ಕಟ್ಟಿದ್ ಅನ್ನದ ಕಡುಬು. ಎಲ್ರೂ ತಿಂದಿರ್ತಾರೆ.”

“ಅದು ತ್ರಿಕೋನ ಅಲ್ಲ ಅತ್ತೆ. ಅದಕ್ಕೆ ನಾಲ್ಕು ಮೂಲೆ ಇರುತ್ತೆ. ಎಣಿಸಿ ನೋಡಿ.”

“ನೀನ್ ಕಟ್ಟಿದ್ರೆ ನಾಕು ಬರ್ತದೆ. ನಾನ್ ಕಟ್ಟಿದ್ರೆ ಮೂರೇ.”

“ಸಾಧ್ಯವೇ ಇಲ್ಲ.”

“ತಂದ್ ತೋರಿಸ್ಲಾ?”

“ತನ್ನಿ. ನಾನೂ ತರ್ತೀನಿ. ಶುಕ್-ಹಾ ಎಣಿಸಲಿ.”

ಸೋಮವಾರ ಬೆಳಗ್ಗೆ ನನ್ನ ಮೇಜಿನ ಮೇಲೆ ಎರಡು ಬಿಸಿ ಪೊಟ್ಟಣಗಳಿದ್ದವು, ಬಿದಿರೆಲೆಯ ಘಮ ಒಣಮೀನಿನ ವಾಸನೆಯನ್ನೂ ಮೀರಿಸಿತ್ತು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಬಾಗಿಲಲ್ಲಿ ಎಂಜಿನಿಯರುಗಳು, ಫುಂಗ್ ಅವರು, ಸೊಂಟದ ಮೇಲೆ ಕೈಯಿಟ್ಟ ಇಬ್ಬರು ಹೆಂಗಸರು. ತೀರ್ಪು ಯಾರ ಕಡೆ ಹೇಳಿದರೂ ನನಗೆ ಉಳಿಗಾಲವಿರಲಿಲ್ಲ. ಅಂದು ನಾನು ತಿಂಡಿಯನ್ನೂ ತಿಂದಿರಲಿಲ್ಲ. ದಾರ ಬಿಚ್ಚಿ, ಎಲೆ ಸುಲಿದು, ಯಾರಾದರೂ ತಡೆಯುವ ಮೊದಲು, ಎರಡು ಕಡುಬಿನ ಮೂಲೆಗಳನ್ನೂ ಕಚ್ಚಿ ತಿಂದುಬಿಟ್ಟೆ.